ತುಪ್ಪ ಬಿಟ್ಟೆ, ಬಿಪಿ ಇಳಿಯಲಿಲ್ಲ

ಬೀಗರ ಊಟ ಮುಗಿಸಿ ರಾತ್ರಿ ಹನ್ನೊಂದಕ್ಕೆ ಮಲಗಿದವನು ಬೆಳಗ್ಗೆ ಏಳಕ್ಕೇ ಲ್ಯಾಬಿಗೆ ಹೋಗಿ ಕೊಲೆಸ್ಟ್ರಾಲ್ ಪರೀಕ್ಷೆಗೆ ರಕ್ತ ಕೊಟ್ಟೆ. 12 ಗಂಟೆ ಖಾಲಿ ಹೊಟ್ಟೆಯಲ್ಲಿರಬೇಕು ಅಂತ ಹೇಳಿದ್ದರು, ನಾನು ಸುಮ್ನೆ ತಲೆಯಾಡಿಸಿದ್ದೆ. ಸ್ವಲ್ಪ ಹೊತ್ತಾದ ಮೇಲೆ ಲ್ಯಾಬಿನ ಹುಡುಗ ಕರೆದು ಟ್ಯೂಬ್ ತೋರಿಸಿದ. ಕೆಳಗೆ ಕೆಂಪು. ಮೇಲೆ ತಿಳಿ ಹಳದಿಯಾಗಿರಬೇಕಿದ್ದ ಸೀರಮ್ (ರಕ್ತದ ನೀರಿನಂಥ ಭಾಗ) ನೀರು ಬೆರೆಸಿದ ಹಾಲಿನ ಹಾಗೆ ಬೆಳ್ಳಗಿತ್ತು. "ನಿನ್ನೆ ಊಟ ಜೋರಾ ಸಾರ್?" ಅಂದ.

ಟ್ರೈಗ್ಲಿಸರೈಡ್, ಅಂದರೆ ರಕ್ತದಲ್ಲಿ ಓಡಾಡುವ ಕೊಬ್ಬು, 412. ಇರಬೇಕಾದದ್ದು 150ರ ಒಳಗೆ. ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) ಜಾಗ ಖಾಲಿ. ಅದೇಕೆ ಅಂದರೆ, ಎಷ್ಟೋ ಲ್ಯಾಬ್‌ಗಳು ಎಲ್‌ಡಿಎಲ್ ಅನ್ನು ನೇರವಾಗಿ ಅಳೆಯುವುದೇ ಇಲ್ಲ. ಒಟ್ಟು ಕೊಲೆಸ್ಟ್ರಾಲ್‌ನಲ್ಲಿ ಎಚ್‌ಡಿಎಲ್ (ಒಳ್ಳೆ ಕೊಲೆಸ್ಟ್ರಾಲ್) ಕಳೆದು, ಟ್ರೈಗ್ಲಿಸರೈಡ್‌ನ ಐದನೇ ಒಂದು ಭಾಗವನ್ನೂ ಕಳೆದರೆ ಉಳಿಯುವುದೇ ಎಲ್‌ಡಿಎಲ್. ಟ್ರೈಗ್ಲಿಸರೈಡ್ 400 ದಾಟಿದರೆ ಈ ಲೆಕ್ಕ ನಂಬೋಹಾಗಿಲ್ಲ. ಅದೇ ದಿನ ಬಿಪಿ 148/94.

ಮನೆಯಲ್ಲಿ ಅಮ್ಮನ ತೀರ್ಪು ಬಂತು: "ಕೊಬ್ಬು ನಾಳದಲ್ಲಿ ಕಟ್ಟಿಕೊಂಡಿದೆ, ಅದಕ್ಕೇ ಬಿಪಿ." ತುಪ್ಪ ಬಂದ್. ನಾನೂ ಹಾಗೇ ನಂಬಿದ್ದೆ. ಸಿಂಕಿನ ಪೈಪಿನಲ್ಲಿ ಜಿಡ್ಡು ಕೂತರೆ ನೀರು ಒತ್ತುತ್ತದಲ್ವಾ, ಹಾಗೆ. ತಿಂಗಳಾದರೂ ಬಿಪಿ ಕದಲಲಿಲ್ಲ.

ಡಾಕ್ಟರ್ ನಕ್ಕರು. ಮೈಯ ಬಿಪಿಯನ್ನು ಮುಖ್ಯವಾಗಿ ತೀರ್ಮಾನಿಸುವುದು ಹೃದಯ ಎಷ್ಟು ರಕ್ತ ತಳ್ಳುತ್ತದೆ, ಕೂದಲಿನಷ್ಟು ಸಣ್ಣ ರಕ್ತನಾಳಗಳು ಎಷ್ಟು ಬಿಗಿದುಕೊಂಡಿವೆ ಅನ್ನೋದು. ಕೊಲೆಸ್ಟ್ರಾಲ್ ಗಡ್ಡೆ ಕಟ್ಟುವುದು ದೊಡ್ಡ ನಾಳಗಳ ಗೋಡೆಯಲ್ಲಿ. ಹೃದಯದ ನಾಳದಲ್ಲಿ ಕಟ್ಟಿದರೆ ಹಾರ್ಟ್ ಅಟ್ಯಾಕ್ ಆಗಬಹುದು, ಆದರೆ ಅದರಿಂದಲೇ ಬಿಪಿ ಏರುವುದಿಲ್ಲ. ಕಿಡ್ನಿಗೆ ಹೋಗುವ ನಾಳ ಕಿರಿದಾದರೆ ಮಾತ್ರ ಬೇರೆ ಕಥೆ. ನಿಜ ಹೇಳಬೇಕಂದರೆ ಉಲ್ಟಾನೂ ಇದೆ: ಬಿಪಿ ಜಾಸ್ತಿ ಇದ್ದರೆ ನಾಳದ ಒಳಪದರ ಹಾಳಾಗಿ, ಎಲ್‌ಡಿಎಲ್ ಒಳಗೆ ನುಗ್ಗೋದು ಸುಲಭವಾಗುತ್ತದೆ.

ಹಾಗಾದರೆ ಟ್ರೈಗ್ಲಿಸರೈಡ್, ಬಿಪಿ ಎರಡೂ ಒಟ್ಟಿಗೇ ಏಕೆ ಏರಿದವು? ಅವರು ಏನೂ ಹೇಳದೆ ಟೇಪ್ ತೆಗೆದು ನನ್ನ ಹೊಟ್ಟೆಯ ಸುತ್ತಳತೆ ತೆಗೆದರು. 98 ಸೆಂಟಿಮೀಟರ್. ನಮ್ಮ ಕಡೆಯ ಗಂಡಸರಿಗೆ 90 ದಾಟಬಾರದಂತೆ. ಈ ಹೊಟ್ಟೆಯ ಬೊಜ್ಜಿನಿಂದ ಇನ್ಸುಲಿನ್ ಸರಿಯಾಗಿ ಕೆಲಸ ಮಾಡುವುದಿಲ್ಲ, ಆಗ ಮೈ ಇನ್ನಷ್ಟು ಇನ್ಸುಲಿನ್ ಸುರಿಸುತ್ತದೆ. ಆ ಜಾಸ್ತಿ ಇನ್ಸುಲಿನ್ ಕಿಡ್ನಿಗೆ ಉಪ್ಪು ಹಿಡಿದಿಟ್ಟುಕೋ ಅನ್ನುತ್ತದೆ, ಅದರಿಂದ ಬಿಪಿ ಏರುತ್ತದೆ, ಅತ್ತ ಲಿವರ್ ಮಿಕ್ಕ ಅನ್ನ, ಸಕ್ಕರೆಯನ್ನೆಲ್ಲ ಟ್ರೈಗ್ಲಿಸರೈಡ್ ಮಾಡಿ ರಕ್ತಕ್ಕೆ ಬಿಡುತ್ತದೆ. ಒಂದು ಇನ್ನೊಂದನ್ನು ಹುಟ್ಟಿಸಿದ್ದಲ್ಲ, ಎರಡೂ ಒಂದೇ ಹೊಟ್ಟೆಯಲ್ಲಿ ಹುಟ್ಟಿದವು.

ಅಂದರೆ ನಾನು ಅರ್ಧ ಚಮಚ ತುಪ್ಪ ಬಿಟ್ಟು, ಮೂರು ಸಲ ಅನ್ನ ಬಡಿಸಿಕೊಂಡು, ದಿನಕ್ಕೆ ನಾಲ್ಕು ಸಕ್ಕರೆ ಕಾಫಿ ಕುಡಿದು, ಪ್ರತಿ ಊಟಕ್ಕೂ ಮಾವಿನಕಾಯಿ ಉಪ್ಪಿನಕಾಯಿ ನೆಕ್ಕುತ್ತಾ ಕೂತಿದ್ದೆ. ದಿನಕ್ಕೆ 5 ಗ್ರಾಂ ಉಪ್ಪು ಸಾಕು, ಅಂದರೆ ಒಂದು ಟೀ ಚಮಚ. ಅದೂ ಸಾರು, ಪಲ್ಯ, ಹಪ್ಪಳ ಎಲ್ಲ ಸೇರಿ! (ತುಪ್ಪ ಬೇಕಾದಷ್ಟು ತಿನ್ನಿ ಅಂತ ನಾನು ಹೇಳುತ್ತಿಲ್ಲ, ಅದರಿಂದ ಎಲ್‌ಡಿಎಲ್ ಏರುತ್ತದೆ.)

ಮೂರು ತಿಂಗಳು ದಿನಾ ಸಂಜೆ ನಡೆದೆ, ಅನ್ನ ಒಂದೇ ಸಲ, ಕಾಫಿಗೆ ಸಕ್ಕರೆ ಇಲ್ಲ. ಈ ಸಲ ಸರಿಯಾಗಿ ಹಸಿದುಕೊಂಡೇ ಹೋಗಿ ರಕ್ತ ಕೊಟ್ಟೆ. ಟ್ರೈಗ್ಲಿಸರೈಡ್ 188, ಬಿಪಿ 134/86, ಎಲ್‌ಡಿಎಲ್ ಜಾಗದಲ್ಲಿ ಕೊನೆಗೂ ಒಂದು ನಂಬರ್. ಅಮ್ಮ ಉಪ್ಪಿನಕಾಯಿ ಭರಣಿಯನ್ನು ಅಟ್ಟದ ಮೇಲೆ ಇಟ್ಟಿದ್ದಾರೆ. ಏಣಿ ಎಲ್ಲಿದೆ ಅಂತ ಮಾತ್ರ ಹೇಳುತ್ತಿಲ್ಲ.