ಹಿತ್ತಲಿನ ಮಸ್ಕೊವಿ ಕಾವಿಗೆ ಕೂತಿದೆ: ಇಲ್ಲಿಯವರೆಗಿನ ಕಥೆ

ಮೇ ಕೊನೆ

ಧಾರವಾಡದಲ್ಲಿ ಸಂಜೆಯ ಗುಡುಗು ಶುರುವಾಗಿದೆ. ಹಿತ್ತಲಲ್ಲಿ ಈಗ ಎರಡು ಜಾತಿಯ ಬಾತುಗಳಿವೆ. ಒಂದು ಖಾಕಿ ಕ್ಯಾಂಪ್‌ಬೆಲ್ ಗುಂಪು, ಅದರಲ್ಲೊಂದು ಗಂಡು. ಇನ್ನೊಂದು ಒಂಟಿ ಮಸ್ಕೊವಿ ಹೆಣ್ಣು, ಮುಖದ ತುಂಬ ಕೆಂಪು ಗಂಟು. ಈ ಮಳೆಗಾಲದ ಕೆಲಸ ಇಷ್ಟೇ: ಕ್ಯಾಂಪ್‌ಬೆಲ್ ತತ್ತಿಗಳನ್ನು ಮಸ್ಕೊವಿಯ ಕೆಳಗಿಟ್ಟು ಮರಿ ಮಾಡಿಸುವುದು. ಇನ್‌ಕ್ಯುಬೇಟರ್ ಕೊಳ್ಳುವ ಮನಸ್ಸಿಲ್ಲ. ಮಳೆ ಬಂದರೆ ಕರೆಂಟು ಹೋಗುವ ಓಣಿ ನಮ್ಮದು.

ಕ್ಯಾಂಪ್‌ಬೆಲ್ ತಾನೇ ಕಾವಿಗೆ ಕೂರಲ್ವಾ ಅಂತ ಬಂದವರೆಲ್ಲ ಕೇಳುತ್ತಾರೆ. ಕೂರುವುದು ಬಹಳ ಅಪರೂಪ. ಕಾವಿಗೆ ಕೂತ ಹಕ್ಕಿ ತತ್ತಿ ಇಡುವುದನ್ನು ನಿಲ್ಲಿಸುತ್ತದೆ. ಹಾಗಾಗಿ ತತ್ತಿಗೆಂದೇ ತಳಿ ಬೆಳೆಸಿದವರು ಕೂರದವನ್ನೇ ಆರಿಸುತ್ತಾ ಬಂದರು. ಇಂಗ್ಲೆಂಡಿನ ಗ್ಲಾಸ್ಟರ್‌ಶೈರ್‌ನಲ್ಲಿ ಅಡೆಲ್ ಕ್ಯಾಂಪ್‌ಬೆಲ್ ಎಂಬಾಕೆ 1900ರ ಆಸುಪಾಸಿನಲ್ಲಿ ಮಾಡಿದ ತಳಿ ಇದು. ಒಳ್ಳೆಯ ಹೆಣ್ಣು ವರ್ಷಕ್ಕೆ 300ರ ಹತ್ತಿರ ತತ್ತಿ ಇಡುತ್ತದೆ. ಇಡುತ್ತದೆ, ಎದ್ದು ಹೋಗುತ್ತದೆ, ಅಷ್ಟೇ. ಬೆಳಿಗ್ಗೆ ಎದ್ದು ನೋಡಿದರೆ ಒಂದು ಕೆಸರಲ್ಲಿ, ಒಂದು ನೀರಿನ ಟಬ್ಬಿನಲ್ಲಿ. ಎಷ್ಟೇ ಚೆನ್ನಾಗಿ ಗೂಡು ಮಾಡಿಕೊಟ್ಟರೂ ಈ ಗುಣ ಬದಲಾಗಲ್ಲ.

ಮಸ್ಕೊವಿ ಬೇರೆಯೇ ಜಾತಿ. ದಕ್ಷಿಣ ಅಮೆರಿಕದ ಕಡೆಯದು. ಕಾಡಿನಲ್ಲಿ ಮರದ ಪೊಟರೆಯಲ್ಲಿ ತತ್ತಿ ಇಡುತ್ತದೆ. ತಾಯ್ತನದ ಹುಚ್ಚು ಇದಕ್ಕೆ ಜಾಸ್ತಿ.

ಜೂನ್

ಮರದ ಪೆಟ್ಟಿಗೆಗೆ ಹುಲ್ಲು ಹಾಕಿ ಇಟ್ಟಿದ್ದೆ. ಮಸ್ಕೊವಿ ಅದರ ಕಡೆ ತಿರುಗಿಯೂ ನೋಡಲಿಲ್ಲ. ಬಚ್ಚಲಮನೆಯ ಹಿಂದೆ ಕಟ್ಟಿಗೆ ಒಟ್ಟಿದ್ದೇವೆ. ಅದರ ಸಂದಿಗೆ ಹೋಗಿ ತತ್ತಿ ಇಡತೊಡಗಿತು. ಮೇಲೆ ತಗಡು ಇದೆ, ಮೂರು ಕಡೆ ಕಟ್ಟಿಗೆ, ಒಳಗೆ ಕತ್ತಲು. ಅದು ಆರಿಸಿದ ಜಾಗವೇ ಸರಿ ಅನ್ನಿಸಿತು, ಸುಮ್ನೆ ಬಿಟ್ಟೆ. ಅದು ಎದ್ದು ಹೋದಾಗ ನೆಲಕ್ಕೆ ಒಲೆಯ ಬೂದಿ ಹರಡಿ ಮೇಲೆ ಹುಲ್ಲು ಹಾಸಿದೆ. ಬೂದಿ ಇದ್ದರೆ ಹೇನಿನ ಕಾಟ ಕಡಿಮೆ. ಪಕ್ಕದ ಮನೆಯ ಅಜ್ಜಿ ಬಂದು, "ಗುಡುಗಿಗೆ ತತ್ತಿ ಕೆಡ್ತಾವ, ಒಂದು ಕಬ್ಬಿಣದ ಮೊಳೆ ಇಡು ತಂಗಿ" ಅಂದರು. ಮೊಳೆ ಗುಡುಗಿಗೆ ಏನು ಮಾಡುತ್ತೋ ನಾನು ಕಾಣೆ. ಇಟ್ಟರೆ ನಷ್ಟವಿಲ್ಲ ಅಂತ ಇಟ್ಟಿದ್ದೇನೆ.

ಇಟ್ಟ ತತ್ತಿಗಳನ್ನು ದಿನಾ ತೆಗೆದುಬಿಟ್ಟರೆ ಕಾವು ಹತ್ತುವುದು ಕಷ್ಟ. ಎದೆಗೆ ತತ್ತಿ ತಾಗುತ್ತಿದ್ದರೆ ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನು ಏರುತ್ತದೆ, ಅದು ಏರಿದಷ್ಟೂ ಹಕ್ಕಿ ಗಟ್ಟಿಯಾಗಿ ಕೂರುತ್ತದೆ. ಅದಕ್ಕೇ ಅದರ ತತ್ತಿಗಳನ್ನು ಪೆನ್ಸಿಲಿನಿಂದ ಗೆರೆ ಎಳೆದು ಅಲ್ಲೇ ಬಿಟ್ಟೆ. ಚಿಪ್ಪಿನಲ್ಲಿ ಸಣ್ಣ ಸಣ್ಣ ತೂತುಗಳಿರುತ್ತವೆ, ಆದ್ದರಿಂದ ಮಾರ್ಕರ್ ಬಳಸಲಿಲ್ಲ. ಆ ಕಡೆ ಕ್ಯಾಂಪ್‌ಬೆಲ್‌ನ ಸ್ವಚ್ಛ ತತ್ತಿಗಳನ್ನು ಮಾತ್ರ ಆರಿಸಿ ತಂಪು ಕೋಣೆಯಲ್ಲಿ ಕೂಡಿಸಿಟ್ಟೆ. ಹಾಗೆ ಇಟ್ಟದ್ದು ಒಂದು ವಾರ ದಾಟಬಾರದು. ದಾಟಿದರೆ ಮರಿಯಾಗುವ ತತ್ತಿ ಕಡಿಮೆಯಾಗುತ್ತಾ ಹೋಗುತ್ತದೆ. ಫ್ರಿಜ್ಜಿನಲ್ಲಂತೂ ಇಡಲೇಬಾರದು.

ಕೊನೆಯ ವಾರದಲ್ಲಿ ಗುರುತು ಕಂಡಿತು. ಗೂಡಿನಲ್ಲಿ ಎದೆಯ ಮೆತ್ತನೆ ತುಪ್ಪಳ ಕಿತ್ತು ಹಾಸಿತ್ತು. ಹತ್ತಿರ ಹೋದರೆ ಮೈ ಚಪ್ಪಟೆ ಮಾಡಿ, ರೆಕ್ಕೆ ಅಗಲಿಸಿ ಬುಸ್ ಅನ್ನುತ್ತಿತ್ತು. ರಾತ್ರಿಯೂ ಏಳಲಿಲ್ಲ. ಇನ್ನೆರಡು ದಿನ ನೋಡಿ, ಕತ್ತಲಾದ ಮೇಲೆ ಅದರ ತತ್ತಿಗಳನ್ನು ಒಂದೊಂದಾಗಿ ತೆಗೆದು ಕ್ಯಾಂಪ್‌ಬೆಲ್ ತತ್ತಿಗಳನ್ನು ಒಳಗೆ ಸರಿಸಿದೆ. ಕೈಗೆ ಕುಕ್ಕಿತು, ಆದರೆ ಗೂಡು ಬಿಡಲಿಲ್ಲ.

ಎರಡನ್ನೂ ಒಟ್ಟಿಗೆ ಇಡಬಹುದಿತ್ತಲ್ವಾ? ಆಗಲ್ಲ. ಕ್ಯಾಂಪ್‌ಬೆಲ್ ತತ್ತಿ 28 ದಿನಕ್ಕೆ ಒಡೆಯುತ್ತದೆ, ಮಸ್ಕೊವಿಯದ್ದಕ್ಕೆ 35 ದಿನ ಬೇಕು. ಮೊದಲ ಮರಿಗಳು ಹೊರಬಂದು ಓಡಾಡತೊಡಗಿದರೆ ತಾಯಿ ಅವುಗಳ ಹಿಂದೆ ಹೋಗುತ್ತದೆ, ಉಳಿದವು ತಣ್ಣಗಾಗುತ್ತವೆ. ಅಲ್ಲದೆ ನಮ್ಮಲ್ಲಿ ಮಸ್ಕೊವಿ ಗಂಡೇ ಇಲ್ಲ. ಕ್ಯಾಂಪ್‌ಬೆಲ್ ಗಂಡಿನಿಂದ ಅದಕ್ಕೆ ಮರಿಯಾದರೂ ಅವು ಬಂಜೆ. ಅದರ ಗೆರೆ ಎಳೆದ ತತ್ತಿಗಳು ಅಷ್ಟು ದಿನ ಗೂಡಿನಲ್ಲೇ ಇದ್ದವು, ತಿನ್ನಲು ಬರಲ್ಲ. ಮಾವಿನ ಗಿಡದ ಬುಡಕ್ಕೆ ಹೋದವು.

ಜುಲೈ

ಜಿಟಿಜಿಟಿ ಮಳೆ ಹಿಡಿದಿದೆ. ಮಸ್ಕೊವಿ ದಿನಕ್ಕೊಮ್ಮೆ ಮಧ್ಯಾಹ್ನ ಏಳುತ್ತದೆ. ಏಳುವ ಮೊದಲು ತುಪ್ಪಳದಿಂದ ತತ್ತಿ ಮುಚ್ಚುತ್ತದೆ. ಗಬ್ಬು ನಾರುವ ದೊಡ್ಡ ಹಿಕ್ಕೆ ಒಂದು ಹಾಕಿ, ಗೋವಿನಜೋಳ ತಿಂದು, ಟಬ್ಬಿನಲ್ಲಿ ಮುಳುಗೆದ್ದು ಒದ್ದೆ ಮೈಯಲ್ಲೇ ವಾಪಸ್ ಹೋಗಿ ಕೂರುತ್ತದೆ. ಮೈ ಹಾಗೆ ಒದ್ದೆ ಇರುವುದು ತತ್ತಿಗೆ ಒಳ್ಳೆಯದು, ಬಾತಿನ ತತ್ತಿಗೆ ತೇವ ಬೇಕು. ನಮಗೆ ನಳದ ನೀರು ದಿನಾ ಬರಲ್ಲ. ಬಂದ ದಿನ ಮೊದಲು ಡ್ರಮ್ಮು, ಆಮೇಲೆ ಬಾತಿನ ಟಬ್ಬು ತುಂಬುತ್ತೇನೆ. ಈ ಕ್ರಮದ ಬಗ್ಗೆ ಮನೆಯಲ್ಲಿ ಚರ್ಚೆ ನಡೆದಿದೆ.

ದೊಡ್ಡ ತಲೆನೋವು ಉಳಿದ ಬಾತುಗಳದ್ದು. ಗೂಡು ಕಂಡರೆ ಸಾಕು, ಕ್ಯಾಂಪ್‌ಬೆಲ್‌ಗಳು ನುಗ್ಗಿ ಅದರಲ್ಲೇ ತತ್ತಿ ಇಟ್ಟು ಬರುತ್ತವೆ. ತಡವಾಗಿ ಸೇರಿದ ತತ್ತಿ ತಡವಾಗಿಯೇ ಒಡೆಯಬೇಕು, ಅಷ್ಟರಲ್ಲಿ ತಾಯಿ ಎದ್ದಿರುತ್ತದೆ. ಒಳಗಿನವಕ್ಕೆಲ್ಲ ಪೆನ್ಸಿಲ್ ಗುರುತು ಇರುವುದರಿಂದ ಗುರುತಿಲ್ಲದ್ದು ನೇರ ಅಡುಗೆಮನೆಗೆ. ಈಗ ಕಟ್ಟಿಗೆಯ ಮುಂದೆ ತಂತಿ ಜಾಳಿ ಕಟ್ಟಿದ್ದೇನೆ, ಮಧ್ಯಾಹ್ನ ಮಾತ್ರ ತೆಗೆಯುತ್ತೇನೆ. ಮುಂಗುಸಿಗೂ ಹೆಗ್ಗಣಕ್ಕೂ ಅದೇ ತಡೆ.

ಒಂದು ವಾರ ಕಳೆದ ಮೇಲೆ ರಟ್ಟಿಗೆ ತೂತು ಕೊರೆದು, ಕತ್ತಲಲ್ಲಿ ಮೊಬೈಲ್ ಟಾರ್ಚಿಗೆ ತತ್ತಿ ಹಿಡಿದು ನೋಡಿದೆ. ಬಾತಿನ ಚಿಪ್ಪಿನಲ್ಲಿ ಬೆಳಕು ಚೆನ್ನಾಗಿ ಹಾಯುತ್ತದೆ. ಹೆಚ್ಚಿನವುಗಳಲ್ಲಿ ನಡುವೆ ಕಪ್ಪು ಚುಕ್ಕೆ, ಸುತ್ತ ಜೇಡರ ಬಲೆಯಂಥ ಕೆಂಪು ನರ. ಮೂರು ಖಾಲಿ, ಪೂರ್ತಿ ತಿಳಿ. ತೆಗೆದೆ. ಖಾಲಿ ತತ್ತಿ ಕೊಳೆತು ಗೂಡಿನೊಳಗೇ ಒಡೆದರೆ ಉಳಿದವೂ ಹಾಳು. ಇನ್ನೊಂದು ಸಲ ನೋಡುವಾಗ ಒಳಗೆ ಅರ್ಧಕ್ಕಿಂತ ಹೆಚ್ಚು ಕತ್ತಲು. ಒಂದರಲ್ಲಿ ಏನೋ ಮಿಸುಕಿತು. ಮನೆಯವರನ್ನೆಲ್ಲ ಕರೆದು ತೋರಿಸಿದೆ.

ಈಗ

ಕೊನೆಯ ದಿನಗಳು. ಇನ್ನು ತತ್ತಿ ಮುಟ್ಟಲ್ಲ. ಚಿಪ್ಪಿಗೆ ಮೊದಲ ತೂತು ಬಿದ್ದ ಮೇಲೂ ಮರಿ ಹೊರಬರಲು ಒಂದು ದಿನ, ಕೆಲವೊಮ್ಮೆ ಅದಕ್ಕಿಂತ ಜಾಸ್ತಿ ಹಿಡಿಯುತ್ತದೆ. ಅವಸರಕ್ಕೆ ನಾವು ಚಿಪ್ಪು ಸುಲಿದರೆ ರಕ್ತ ಸೋರಿ ಮರಿ ಸಾಯಬಹುದು. ಮರಿಗಳಿಗೆ ತಗ್ಗು ತಟ್ಟೆಯಲ್ಲಿ ಬೆಣಚುಕಲ್ಲು ಹಾಕಿ ನೀರು ಇಡಬೇಕು. ಕೋಳಿಮರಿಯ ಆಹಾರವೇ ಸಾಕು, ಆದರೆ ಬಾತುಮರಿಗೆ ನಯಾಸಿನ್ ಎಂಬ ವಿಟಮಿನ್ ಜಾಸ್ತಿ ಬೇಕು, ಇಲ್ಲದಿದ್ದರೆ ಕಾಲು ಸೊಟ್ಟಗಾಗುತ್ತದೆ. ಅದಕ್ಕೆ ಬ್ರೂವರ್ಸ್ ಯೀಸ್ಟ್ ತಂದಿಟ್ಟಿದ್ದೇನೆ.

ಕ್ಯಾಂಪ್‌ಬೆಲ್ ಗಂಡು ಈ ಮರಿಗಳ ತಂಟೆಗೆ ಹೋಗುವ ಭಯ ಇದೆ. ಅದನ್ನು ಕೆಲವು ವಾರ ಎಲ್ಲಿ ಕೂಡಿಹಾಕುವುದು ಅಂತ ಇನ್ನೂ ತೀರ್ಮಾನವಾಗಿಲ್ಲ. ಬಚ್ಚಲಮನೆಯನ್ನಂತೂ ಕೊಡಲ್ಲ ಅಂತ ಅವ್ವ ಈಗಾಗಲೇ ಹೇಳಿದ್ದಾಳೆ.