ಉಳಿದಿರುವ ಒಂದು ಜಾಗಕ್ಕೆ

ಮನೆಗೆ ಬಂದವರು ಕಾಫಿ ಮುಗಿಸಿ, ಜಗಲಿಯ ಗೋಡೆಯಲ್ಲಿ ತೂಗುವ ಅಜ್ಜನ ಕೇಪಿನ ಕೋವಿಯನ್ನು ನೋಡಿ ಕೊನೆಗೆ ಕೇಳುವುದು ಒಂದೇ: ‘ಸಂಗ್ರಹಕ್ಕೆ ಒಂದು ರಿವಾಲ್ವರೋ ಪಿಸ್ತೂಲೋ ಸೇರಿಸುವುದಾದರೆ ಯಾವುದು ಒಳ್ಳೆಯದು?’ ಸಕಲೇಶಪುರದ ಕಡೆಯ ತೋಟದವರಲ್ಲಿ ಈ ಹುಚ್ಚು ತುಸು ಹೆಚ್ಚು. ನನಗೂ ಇದೆ, ಅಲ್ಲಗಳೆಯುವುದಿಲ್ಲ.

ಆದರೆ ಸಂಗ್ರಹ ಎಂಬ ಮಾತೇ ನಮ್ಮ ದೇಶದಲ್ಲಿ ಸ್ವಲ್ಪ ದೊಡ್ಡದಾಯಿತು. ಶಸ್ತ್ರಾಸ್ತ್ರ ಕಾಯ್ದೆಯ 2019ರ ತಿದ್ದುಪಡಿಗೆ ಮುಂಚೆ ಒಬ್ಬರು ಮೂರು ಬಂದೂಕು ಇಟ್ಟುಕೊಳ್ಳಬಹುದಿತ್ತು. ಮಸೂದೆ ಒಂದಕ್ಕೇ ಇಳಿಸಲು ಹೊರಟಿತ್ತು, ಅಂಗೀಕಾರವಾಗುವ ಹೊತ್ತಿಗೆ ಎರಡಾಯಿತು. ಪಿತ್ರಾರ್ಜಿತವಾಗಿ ಬಂದದ್ದೂ ಆ ಲೆಕ್ಕದೊಳಗೇ. ರಿಪೇರಿ ಮಾಡಿದರೂ ಸಿಡಿಯದಷ್ಟು ಹಳತಾದ ಕೋವಿಗೆ ಕಾನೂನಿನಲ್ಲಿ ವಿನಾಯಿತಿ ಇರುವುದರಿಂದ ಅಜ್ಜನದು ಗೋಡೆಯಲ್ಲಿ ನೆಮ್ಮದಿಯಾಗಿದೆ. ಬೆಳೆ ಕಾಯಲು ಇರುವ ಜೋಡುನಳಿಗೆಯ ತೋಟಾ ಕೋವಿಗೆ ಒಂದು ಜಾಗ ಹೋಯಿತು. ನೀವು ಕೇಳುತ್ತಿರುವುದು ಉಳಿದ ಆ ಒಂದು ಜಾಗದ ವಿಷಯ.

ಮೊಬೈಲಿನಲ್ಲಿ ಅಮೆರಿಕದವರ 9 ಮಿ.ಮೀ. ಪಿಸ್ತೂಲು ನೋಡಿಕೊಂಡು ಬರುವವರಿಗೆ ಅದನ್ನು ಮರೆತುಬಿಡಿ ಎನ್ನುತ್ತೇನೆ. ಅದು ನಿಷೇಧಿತ ಬೋರ್ (ಸಾಮಾನ್ಯರಿಗೆ ಸಿಗದ ನಳಿಗೆಯ ಒಳ ಅಳತೆ), .38 ಅಂಗುಲದ್ದು ಕೂಡ ಅಷ್ಟೇ. ನಮ್ಮ ಪಾಲಿನದು ಮುಖ್ಯವಾಗಿ .32. ಅದರಲ್ಲಿ ಕಾನ್ಪುರದ ಸರ್ಕಾರಿ ಕಾರ್ಖಾನೆಯ ರಿವಾಲ್ವರ್ ಇದೆ. ಕಾನ್ಪುರದಿಂದಲೇ 2014ರಲ್ಲಿ ಬಂದ, ಟೈಟಾನಿಯಂ ಮಿಶ್ರಲೋಹದ, ಸುಮಾರು ಅರ್ಧ ಕಿಲೋ ತೂಗುವ ‘ನಿರ್ಭೀಕ್’ ಎಂಬ ರಿವಾಲ್ವರ್ ಇದೆ. ‘ಅಶನಿ’ ಪಿಸ್ತೂಲು ಇದೆ. ಇವು ಬೇಡ ಎನ್ನುವವರ ಕಣ್ಣು ಇಂಗ್ಲೆಂಡಿನ ಹಳೆಯ ವೆಬ್ಲಿ ರಿವಾಲ್ವರಿನ ಮೇಲೆ. ಆಮದಿನ ಬಾಗಿಲು ಎಂಬತ್ತರ ದಶಕದಲ್ಲೇ ಮುಚ್ಚಿದ್ದರಿಂದ ಇರುವ ನಾಲ್ಕೇ ನಾಲ್ಕು ಕೈಯಿಂದ ಕೈಗೆ ಸುತ್ತುತ್ತವೆ, ಪ್ರತಿ ಸುತ್ತಿಗೂ ಬೆಲೆ ಏರುತ್ತದೆ.

ಅಂಥದ್ದೊಂದನ್ನು ನೋಡಲು ನಾನೂ ಹೋಗಿದ್ದೆ. ಫ್ಲಾನೆಲ್ ಬಟ್ಟೆ ಬಿಚ್ಚಿದಾಗ ಎದೆ ಹೊಡೆದುಕೊಂಡಿತು. ಲಿವರ್ ಒತ್ತಿದೆ, ನಳಿಗೆ ಮುಂದಕ್ಕೆ ಬಾಗಿ, ಆರು ಮನೆಗಳ (ತೋಟಾ ಕೂರುವ ತೂತುಗಳ) ಸಿಲಿಂಡರ್ ಬಾಯ್ತೆರೆಯಿತು. ಖಾಲಿ. ನಳಿಗೆಯ ಹಿಂದೆ ಬಿಳಿಯ ಕಾಗದ ಹಿಡಿದು ಮುಂದಿನಿಂದ ನೋಡಿದೆ. ಸುರುಳಿ ಗೀರುಗಳು ಜಿಲೇಬಿಯ ಪಾಕದಂತೆ ಮಿರುಗಬೇಕಿದ್ದಲ್ಲಿ ಗೆದ್ದಲು ಹಿಡಿದ ತೊಲೆಯಂತೆ ಗುಳಿಗಳು. ಮುಚ್ಚಿ, ಹ್ಯಾಮರ್ ಎಳೆದು, ಸಿಲಿಂಡರನ್ನು ಎರಡು ಬೆರಳಲ್ಲಿ ಹಿಡಿದು ಅಲುಗಿಸಿದರೆ ಹಾಲುಹಲ್ಲಿನ ಹಾಗೆ ಆಡುತ್ತಿತ್ತು. ಸಿಲಿಂಡರಿನ ಮನೆ ನಳಿಗೆಗೆ ನೇರ ನಿಲ್ಲದಿದ್ದರೆ ಗುಂಡು ಅಂಚಿಗೆ ಉಜ್ಜಿ ಸೀಸದ ಚೂರು ಪಕ್ಕಕ್ಕೆ ಹಾರುತ್ತದೆ. ಮಾರುವವರು ಮಾತ್ರ ‘ಇಂಗ್ಲೆಂಡ್ ಮುದ್ರೆ ನೋಡಿ ಸ್ವಾಮಿ’ ಎನ್ನುತ್ತಲೇ ಇದ್ದರು. ಮುದ್ರೆ ಚೆನ್ನಾಗಿಯೇ ಇತ್ತು.

ಹೀಗಾಗಿ ನನ್ನ ಉತ್ತರ ಕಾನ್ಪುರದ ರಿವಾಲ್ವರ್. ತೆರೆಯುವ ರೀತಿ ವೆಬ್ಲಿಯದೇ, ಬಿಡಿಭಾಗಕ್ಕೆ ಅಲೆದಾಟವಿಲ್ಲ, ಹೆಸರಿನ ಮೋಹಕ್ಕೆ ತೆರುವ ದಂಡವೂ ಇಲ್ಲ. ಪಿಸ್ತೂಲು ಏಕೆ ಬೇಡ ಎಂದರೆ, ಮ್ಯಾಗಜೀನ್ (ಹಿಡಿಯೊಳಗಿನ ತೋಟಾ ಪೆಟ್ಟಿಗೆ) ತೆಗೆದ ಮೇಲೂ ನಳಿಗೆಯ ಹಿಂದಿನ ಮನೆಯಲ್ಲಿ ಒಂದು ತೋಟಾ ಅಡಗಿ ಕುಳಿತಿರಬಹುದು. ರಿವಾಲ್ವರ್ ತೆರೆದರೆ ಆರೂ ಮನೆಗಳು ಕಣ್ಣೆದುರು. ಮಕ್ಕಳು ಓಡಾಡುವ ಮನೆಯಲ್ಲಿ ನನಗೆ ಅದೇ ದೊಡ್ಡದು. (ಹಂದಿ ಹೊಡೆಯಲು ರಿವಾಲ್ವರ್ ಎನ್ನುವವರಿಗೆ ಇನ್ನೊಂದು ಲೋಟ ಕಾಫಿ ಕೊಟ್ಟು ಕಳಿಸುತ್ತೇನೆ.)

ಕೊಳ್ಳುವಾಗ ಯಾರೂ ಕೇಳದ ಪ್ರಶ್ನೆ ಮಳೆಯದು. ಮಲೆನಾಡಿನ ಜೂನ್ ಯಾವ ಉಕ್ಕನ್ನೂ ಸುಮ್ಮನೆ ಬಿಡುವುದಿಲ್ಲ. ಚರ್ಮದ ಚೀಲ ಚೆಂದವೆಂದು ಅದರಲ್ಲೇ ಇಡಬೇಡಿ, ತೇವ ಹೀರಿಕೊಂಡು ಕೂರುತ್ತದೆ. ಚುನಾವಣೆ ಘೋಷಣೆಯಾದರೆ ಸಾಮಾನ್ಯವಾಗಿ ಬಂದೂಕನ್ನು ಪೊಲೀಸ್ ಠಾಣೆಯಲ್ಲಿ ಠೇವಣಿ ಇಡಬೇಕಾಗುತ್ತದೆ, ಆಮೇಲೆ ವಾರಗಟ್ಟಲೆ ಎಣ್ಣೆ ಹಚ್ಚುವವರಿರುವುದಿಲ್ಲ. ಒಮ್ಮೆ ನನ್ನ ರಿವಾಲ್ವರ್ ಮರಳಿ ಬಂದಾಗ ಮೇಲ್ನೋಟಕ್ಕೆ ಸರಿಯಾಗಿಯೇ ಇತ್ತು. ಮರದ ಹಿಡಿಯ ತಿರುಪು ಬಿಚ್ಚಿದರೆ ಕೆಳಗೆಲ್ಲ ಅರಿಸಿನದ ಪುಡಿ ಉದುರಿಸಿದ ಹಾಗೆ ತುಕ್ಕು. ಈಗ ಠೇವಣಿಗೆ ಹೊರಡುವ ಹಿಂದಿನ ರಾತ್ರಿ ಹಿಡಿ ಬಿಚ್ಚಿ ಒಳಗೂ ಗ್ರೀಸ್ ಬಳಿಯುತ್ತೇನೆ. ಮರುದಿನ ರಸೀದಿಯ ಮೇಲೆಲ್ಲ ನನ್ನ ಜಿಡ್ಡು ಬೆರಳಿನ ಗುರುತು.