ಅರಳಿದ ಹೂ ನಮಗೆ ನಷ್ಟ, ಬಂದವರಿಗೆ ಅದೇ ಬೇಕು

ತಪ್ಪು ನನ್ನದೇ. ಅದನ್ನು ಮೊದಲೇ ಹೇಳಿಬಿಡುತ್ತೇನೆ.

ನಾನು ಪುಣೆ ಹತ್ತಿರದ ಮಾವಳ ತಾಲೂಕಿನಲ್ಲಿ, ತಳೇಗಾಂವ್ ಆಚೆ, ಒಂದು ಗುಲಾಬಿ ತೋಟದಲ್ಲಿ ಸೂಪರ್‌ವೈಸರ್. ಊರು ಅಥಣಿ ಕಡೆ. ಇಲ್ಲಿಗೆ ಬಂದು ಹನ್ನೊಂದು ವರ್ಷ ಆಯಿತು. ಹೂವನ್ನು ಅಳೆದು ವಿಂಗಡಿಸುವ ನಮ್ಮ ಗ್ರೇಡಿಂಗ್ ಹಾಲಿನಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಇಂಡಿ, ಸಿಂದಗಿ, ಜತ್ತ ಕಡೆಯವರು. ಹಾಗಾಗಿ ಮಾಲೀಕರ ಜೊತೆ ಮರಾಠಿ, ಉಳಿದದ್ದೆಲ್ಲ ಕನ್ನಡ.

ಹೋದ ವರ್ಷ ಜೂನ್ ಮೊದಲ ವಾರ ನಮ್ಮ ಕೋಲ್ಡ್ ರೂಮಿಗೆ ಹಾಲೆಂಡಿನ ಪಿಯೋನಿಯ ಎರಡು ಬಾಕ್ಸ್ ಬಂದವು. ಪಿಯೋನಿ ಎಂದರೆ ಚಳಿ ದೇಶದ, ದೊಡ್ಡದಾಗಿ ಅರಳುವ ಒಂದು ಹೂ. ಮುಂಬೈ ಏರ್‌ಪೋರ್ಟಿನಿಂದ ನೇರವಾಗಿ ಇಲ್ಲಿಗೆ. ಮಾಲು ನಮ್ಮದಲ್ಲ, ಮದುವೆ ಡೆಕೊರೇಷನ್ ಮಾಡುವ ಒಬ್ಬರದ್ದು. ಎರಡು ದಿನ ತಂಪಿನಲ್ಲಿ ಇಟ್ಟುಕೊಡುವುದಷ್ಟೇ ನಮ್ಮ ಕೆಲಸ. ಹೂ ಸರಿಯಾಗಿ ಅರಳುತ್ತದೋ ಇಲ್ಲವೋ ನೋಡಿ ಹೇಳಿ ಅಂದಿದ್ದರು. ಒಂದು ಕಟ್ಟನ್ನು ನೀರಿಗೆ ಹಾಕಿ ಹೊರಗೆ ಇಟ್ಟೆ. ಮರುದಿನ ಸಂಜೆ ನೋಡುತ್ತೇನೆ, ಬಕೆಟ್ ತುಂಬ ತಿಳಿ ಗುಲಾಬಿ ಬಣ್ಣದ ಹೂ. ಒಂದೊಂದೂ ಸಣ್ಣ ಎಲೆಕೋಸಿನಷ್ಟು. ಬಕೆಟ್ಟನ್ನು ಪಾಲಿಹೌಸಿನ, ಅಂದರೆ ಗುಲಾಬಿ ಬೆಳೆಯುವ ಪ್ಲಾಸ್ಟಿಕ್ ಹೊದಿಕೆಯ ಮನೆಯ, ಬಾಗಿಲ ಮುಂದೆ ಇಟ್ಟು ಒಂದು ಫೋಟೋ ತೆಗೆದು ಸ್ಟೇಟಸ್ ಹಾಕಿದೆ. ಕೆಳಗೆ ಸುಮ್ನೆ ಬರೆದೆ: ಇವತ್ತು ನಮ್ಮ ತೋಟದಲ್ಲಿ.

ಸುಳ್ಳೇನೂ ಅಲ್ಲ ಅಲ್ವಾ? ಹೂ ಅವತ್ತು ನಮ್ಮ ತೋಟದಲ್ಲೇ ಇತ್ತು.

ಶನಿವಾರ ಬೆಳಗ್ಗೆ ಹನ್ನೊಂದಕ್ಕೆ, ಆ ಸ್ಟೇಟಸ್ ನೋಡಿ, ಮೂರು ಕಾರು ಬಂದವು. ಅದರಲ್ಲಿ ಒಂದು ಡೊಂಬಿವಿಲಿಯಿಂದ ಬಂದ ಕನ್ನಡದ ಮನೆಯವರದ್ದು. ಅಜ್ಜಿ, ಮಗಳು, ಮದುವೆ ನಿಶ್ಚಯವಾದ ಮೊಮ್ಮಗಳು, ಜೊತೆಗೆ ಫೋಟೋ ತೆಗೆಯುವ ಹುಡುಗ. ಖಂಡಾಲಾ ಘಾಟಿನಲ್ಲಿ ಟ್ರಾಫಿಕ್ಕಿಗೆ ಸಿಕ್ಕಿ ಎರಡು ತಾಸು ನಿಂತಿದ್ದರಂತೆ. ಪಿಯೋನಿ ಬಾಕ್ಸ್ ಶುಕ್ರವಾರ ರಾತ್ರಿಯೇ ಟೆಂಪೋ ಹತ್ತಿ ಹೋಗಿತ್ತು. ಸರಿ, ಗುಲಾಬಿ ತೋರಿಸೋಣ ಅಂತ ಪಾಲಿಹೌಸಿನೊಳಗೆ ಕರೆದುಕೊಂಡು ಹೋದೆ. ಅಜ್ಜಿ ಆ ಕಡೆ ಈ ಕಡೆ ನೋಡಿದರು. ಸಾಲು ಸಾಲು ಹಸಿರು ಎಲೆ, ಅಲ್ಲಲ್ಲಿ ಬಿಳಿ ಜಾಳಿಗೆಯ ಟೋಪಿ ಹಾಕಿಕೊಂಡ ಮೊಗ್ಗು.

"ಏನೋ ತಮ್ಮಾ, ಹೂವಿನ ತ್ವಾಟಾ ಅಂತಿ. ಒಂದರೆ ಹೂ ಐತೇನೋ ಇಲ್ಲೆ?"

ನಿಜಕ್ಕೂ ಒಂದೂ ಇರಲಿಲ್ಲ. ಹನ್ನೊಂದು ವರ್ಷದಲ್ಲಿ ನಾನು ಅದನ್ನು ಗಮನಿಸಿಯೇ ಇರಲಿಲ್ಲ.

ಕಟ್ ಫ್ಲವರ್, ಅಂದರೆ ದಂಟು ಸಮೇತ ಕತ್ತರಿಸಿ ಮಾರುವ ಹೂವಿನ ತೋಟದ ಲೆಕ್ಕವೇ ಬೇರೆ. ಗುಲಾಬಿಯ ಹೊರಗಿನ ಒಂದೆರಡು ಎಸಳು ಬಿಚ್ಚಿಕೊಳ್ಳುತ್ತಿವೆ ಅನ್ನುವಾಗಲೇ ಕತ್ತರಿ ಬೀಳಬೇಕು. ಬೆಳಗ್ಗೆ ಆರಕ್ಕೆ ಕಟಿಂಗ್ ಶುರು, ಬಿಸಿಲು ಏರುವುದರೊಳಗೆ ಎಲ್ಲಾ ಬಕೆಟ್ಟು ಕೋಲ್ಡ್ ರೂಮಿನಲ್ಲಿ. ಅಲ್ಲಿಂದ ಇಪ್ಪತ್ತರ ಕಟ್ಟು, ಬಾಕ್ಸು, ರಾತ್ರಿ ಗಾಡಿ. ಪುಣೆಯ ಗುಲ್ಟೇಕಡಿ ಮಾರ್ಕೆಟ್ ಯಾರ್ಡ್, ಮುಂಬೈಯ ದಾದರ್, ಹೈದರಾಬಾದ್. ಗಿಡದ ಮೇಲೆ ಹೂ ಅರಳಿ ನಿಂತಿದೆ ಎಂದರೆ ಕಟಿಂಗ್ ಹುಡುಗ ನಿದ್ದೆ ಮಾಡಿದ್ದಾನೆ ಎಂದೇ ಅರ್ಥ. ಸಾಲಿನಲ್ಲಿ ಮೂರು ಅರಳಿದ ಹೂ ಕಂಡರೆ ನಾನೇ ಬೈಯುತ್ತಿದ್ದೆ. ಕೆಲಸ ಚೆನ್ನಾಗಿ ನಡೆದ ದಿನ ನಮ್ಮ ತೋಟದಲ್ಲಿ ನೋಡಲು ಏನೂ ಇರುವುದಿಲ್ಲ. ಬರುವವರಿಗೆ ಮಾತ್ರ ಸಿನಿಮಾದಲ್ಲಿ ಕಾಣುವಂಥ ತೋಟ ಬೇಕು.

ಪಿಯೋನಿ ಬೆಳೆಯುವವರಿಗೂ ಇದೇ ಪಾಡು, ಸ್ವಲ್ಪ ಜಾಸ್ತಿಯೇ. ಗುಲಾಬಿ ಪಾಲಿಹೌಸಿನಲ್ಲಿ ವರ್ಷವಿಡೀ ಬರುತ್ತದೆ. ಪಿಯೋನಿ ವರ್ಷಕ್ಕೆ ಒಂದೇ ಸಲ. ಒಂದು ತಳಿಯ ಹೂ ಹೆಚ್ಚೆಂದರೆ ವಾರ, ಹತ್ತು ದಿನ. ಬೇಗ ಬರುವ, ನಡುವೆ ಬರುವ, ತಡವಾಗಿ ಬರುವ ತಳಿಗಳನ್ನು ಸೇರಿಸಿ ನೆಟ್ಟರೂ ಇಡೀ ಹಂಗಾಮು ಕೆಲವೇ ವಾರ. ಮಾರುವ ಹೂವನ್ನು ಮೊಗ್ಗಿನಲ್ಲೇ ಕತ್ತರಿಸುತ್ತಾರೆ. ಯಾವಾಗ ಅಂತ ಕಣ್ಣಿಗೆ ಗೊತ್ತಾಗುವುದಿಲ್ಲ, ಬೆರಳಿಗೆ ಗೊತ್ತಾಗುತ್ತದೆ. ಎರಡು ಬೆರಳಲ್ಲಿ ಮೊಗ್ಗನ್ನು ಮೆಲ್ಲಗೆ ಒತ್ತಬೇಕು. ಗೋಲಿಯಂತೆ ಗಟ್ಟಿ ಇದ್ದರೆ ಬಿಡಬೇಕು, ಈಗ ಕತ್ತರಿಸಿದರೆ ಅದು ಎಂದೂ ಅರಳುವುದಿಲ್ಲ. ಮೆತ್ತಗಾಗಿದ್ದರೆ ಕತ್ತರಿಸಬೇಕು. ಪಿಯೋನಿ ಬೆಳೆಯುವವರು ಮಾರ್ಷ್‌ಮ್ಯಾಲೊ ಎಂಬ ಮೆತ್ತನೆ ಮಿಠಾಯಿಯ ಹಾಗೆ ಅನ್ನುತ್ತಾರೆ. ನಮ್ಮ ಹುಡುಗರಿಗೆ ಅದು ಎಲ್ಲಿ ಗೊತ್ತು? ವಡಾಪಾವ್ ಗಾಡಿಯಲ್ಲಿ ಪಾವ್ ಇವತ್ತಿನದೋ ನಿನ್ನೆಯದೋ ಅಂತ ಒತ್ತಿ ನೋಡುತ್ತೀರಲ್ಲ, ಹಾಗೆ ಅಂದೆ. ತಕ್ಷಣ ಅರ್ಥವಾಯಿತು. ಆ ಹದದಲ್ಲಿ ಕತ್ತರಿಸಿ, ನೀರಿಗೆ ಹಾಕದೆ ಹಾಗೇ ಸುತ್ತಿ, ಸೊನ್ನೆ–ಒಂದು ಡಿಗ್ರಿಯಲ್ಲಿ ಮಲಗಿಸಿಟ್ಟರೆ ಮೂರ್ನಾಲ್ಕು ವಾರ ಇರುತ್ತದೆ. ಆಮೇಲೆ ನೀರಿಗೆ ಹಾಕಿದರೆ ಏಳುತ್ತದೆ. ಗುಲಾಬಿ ಇಷ್ಟು ದಿನ ಸುಮ್ಮನೆ ಮಲಗುವ ಹೂವಲ್ಲ.

ನಮ್ಮ ಬಾಕ್ಸಿನ ಮೇಲೆ ಸಾರಾ ಬರ್ನಾರ್ಡ್ ಎಂದು ಬರೆದಿತ್ತು. ಫ್ರಾನ್ಸಿನ ನಾಟಕದ ನಟಿಯ ಹೆಸರು. 1906ರಲ್ಲಿ ಅಲ್ಲಿನ ಲೆಮ್ವಾನ್ ನರ್ಸರಿಯವರು ಬಿಟ್ಟ ತಳಿ. ನೂರು ವರ್ಷ ದಾಟಿದರೂ ಮಾರ್ಕೆಟ್ಟಿನಲ್ಲಿ ನಡೆಯುತ್ತಿದೆ. ಗುಲಾಬಿಯಲ್ಲಿ ನಾವು ಕೆಲವೇ ವರ್ಷಕ್ಕೆ ತಳಿ ಬದಲಿಸುತ್ತೇವೆ, ಯೋಚನೆ ಮಾಡಿ.

ಸ್ಟೇಟಸ್ ನೋಡಿದವರ ಫೋನ್ ಆಮೇಲೂ ನಿಲ್ಲಲಿಲ್ಲ. ಕೊನೆಗೆ ಮಾಲೀಕರೇ ಅಂದರು, ಇಷ್ಟು ಜನ ಕೇಳುತ್ತಾರೆ ಎಂದರೆ ಬೆಳೆದೇ ನೋಡೋಣ. ಒಬ್ಬ ನರ್ಸರಿಯವರಿಂದ ಹನ್ನೆರಡು ಗೆಡ್ಡೆ ತರಿಸಿದರು. ನೋಡಲು ಒಣಗಿದ ಗೆಣಸಿನ ಗೊಂಚಲು. ಮೇಲೆ ಕಬ್ಬಿನ ಕಣ್ಣಿನ ಹಾಗೆ ಕೆಂಪು ಕಣ್ಣುಗಳು, ಮೂರರಿಂದ ಐದು. ಅದೇ ವರ್ಷ ನವೆಂಬರಿನಲ್ಲಿ ಕುಂಡಕ್ಕೆ ಹಾಕಿದೆ.

ಕೆಲವು ತಪ್ಪು ಅಲ್ಲೇ ಆಯಿತು. ನನ್ನದು ಅರಿಶಿನ ಹೂಳಿದ ಕೈ. ನಾಲ್ಕು ಬೆರಳು ಆಳಕ್ಕೆ ಹಾಕಿ ಮಣ್ಣು ಮುಚ್ಚಿದೆ. ಪಿಯೋನಿಯ ಕಣ್ಣು ಚಳಿ ದೇಶದಲ್ಲೇ ಎರಡು ಇಂಚಿಗಿಂತ ಕೆಳಗೆ ಹೋಗಬಾರದು. ಬೆಚ್ಚಗಿನ ಕಡೆ ಒಂದು ಇಂಚು ಸಾಕು. ಆಳವಾದರೆ ಎಲೆ ಸೊಗಸಾಗಿ ಬರುತ್ತದೆ, ಹೂ ಬರುವುದಿಲ್ಲ. ಇನ್ನು ನೀರು. ಗುಲಾಬಿಗೆ ದಿನಾ ಡ್ರಿಪ್ ಬಿಟ್ಟು ಅಭ್ಯಾಸ, ಇದಕ್ಕೂ ಹಾಗೇ ಬಿಟ್ಟೆ. ಮೂರು ಗೆಡ್ಡೆ ಕೊಳೆತವು.

ಎಲ್ಲಕ್ಕಿಂತ ದೊಡ್ಡ ವಿಷಯ ಚಳಿ. ಪಿಯೋನಿ ಚಳಿಗಾಲದಲ್ಲಿ ಮಲಗಲೇಬೇಕು. ನಾಲ್ಕು ಡಿಗ್ರಿ ಸುತ್ತಮುತ್ತ ಎರಡು, ಎರಡೂವರೆ ತಿಂಗಳು ಮಲಗಿದರೆ ಮಾತ್ರ ಎದ್ದು ಹೂ ಬಿಡುತ್ತದೆ. ಪುಣೆಯ ಚಳಿ ನಮಗೆ ಸ್ವೆಟರ್ ಹಾಕಿಸುವಷ್ಟು ಇರಬಹುದು. ಆದರೆ ರಾತ್ರಿ ಹತ್ತು ಡಿಗ್ರಿ ಬಂದರೂ ಮಧ್ಯಾಹ್ನ ಇಪ್ಪತ್ತೆಂಟಕ್ಕೆ ಏರುತ್ತದೆ. ಅದು ನಿದ್ದೆಯಲ್ಲ, ತೂಕಡಿಕೆ. ಹಾಗಾಗಿ ಕುಂಡಗಳನ್ನು ನಮ್ಮ ಕೋಲ್ಡ್ ರೂಮಿನ ಕೆಳಗಿನ ಹಲಗೆಗೆ ಸೇರಿಸಿದೆ. ಜನವರಿ ಕೊನೆಗೆ ಹೊರಗೆ ತೆಗೆದು ನೆರಳಲ್ಲಿಟ್ಟೆ. ಹದಿನೈದು ದಿನದಲ್ಲಿ ಒಂಬತ್ತು ಕುಂಡದಲ್ಲಿ ಮೊಳಕೆ. ಹಸಿರಲ್ಲ, ಕಡುಗೆಂಪು. ಮಣ್ಣಿನೊಳಗಿಂದ ಯಾರೋ ಬೆರಳು ಎತ್ತಿದ ಹಾಗೆ. ಗ್ರೇಡಿಂಗ್ ಹಾಲಿನ ಇಂಡಿ ಕಡೆಯ ಅಕ್ಕ ಊಟದ ಡಬ್ಬಿ ಹಿಡಿದುಕೊಂಡೇ ನೋಡಲು ಬಂದರು. "ಹುಟ್ಟಿದ ಕೂಸಿನ ಬೆರಳ ಹಂಗ ಅದಾವ ನೋಡ್ರಿ" ಅಂದರು.

ಎರಡು ಗಿಡದಲ್ಲಿ ಮೊಗ್ಗೂ ಬಂತು, ಬಟಾಣಿಯಷ್ಟು. ಅದರ ಮೇಲೆ ಇರುವೆ ಹತ್ತಿದವು. ಔಷಧಿ ಹೊಡೆಯಲು ಪಂಪ್ ಎತ್ತಿದ್ದೆ, ಓದಿದ ಮೇಲೆ ಕೆಳಗಿಟ್ಟೆ. ಪಿಯೋನಿ ಮೊಗ್ಗು ಹೊರಗಡೆ ಸಿಹಿ ರಸ ಬಿಡುತ್ತದೆ, ಇರುವೆ ಬರುವುದು ಅದಕ್ಕೆ. ಅವುಗಳಿಂದ ಗಿಡಕ್ಕೆ ತೊಂದರೆಯಿಲ್ಲ. ಇರುವೆ ಬಂದರೇನೇ ಹೂ ಅರಳುವುದು ಎಂಬ ಮಾತೂ ಇದೆ, ಅದು ಬರೀ ನಂಬಿಕೆ. ಅಷ್ಟರಲ್ಲಿ ಮಾರ್ಚ್ ಬಂತು, ಬಿಸಿಲು ಮೂವತ್ತಾರು ಮುಟ್ಟಿತು. ಮೊಗ್ಗು ಗೋಲಿಯಷ್ಟಾಗುವ ಮೊದಲೇ ಕಂದು ತಿರುಗಿ ಒಣಗಿದವು. ಮಳೆಗಾಲದಲ್ಲಿ ಮತ್ತೆ ನಾಲ್ಕು ಗಿಡ ಹೋದವು. ಮಾವಳದ ಮಳೆ ಗೊತ್ತಲ್ಲ. ಉಳಿದದ್ದು ಐದು. ಹಾಲೆಂಡಿನಲ್ಲೂ ಹೊಸ ಗಿಡ ಒಳ್ಳೆ ಹೂ ಕೊಡುವುದು ಮೂರನೆಯ ವರ್ಷದಿಂದ ಎಂದು ಆಮೇಲೆ ತಿಳಿಯಿತು. ಮೊದಲೇ ಓದಿದ್ದರೆ ಎದೆ ಅಷ್ಟು ಹೊಡೆದುಕೊಳ್ಳುತ್ತಿರಲಿಲ್ಲ.

ಹಾಗಾದರೆ ಬರುವವರಿಗೆ ಏನು ತೋರಿಸುವುದು? ಮೊದಲು ಮಾಡಿದ್ದು ದಡ್ಡತನ. ಪಾಲಿಹೌಸಿನಲ್ಲೇ ಗುಲಾಬಿಯ ಒಂದು ಸಾಲನ್ನು ಕತ್ತರಿಸದೆ ಬಿಟ್ಟೆವು, ಜನ ನೋಡಲಿ ಅಂತ. ಎರಡು ಶನಿವಾರ ಎಲ್ಲರೂ ಖುಷಿ. ಆಮೇಲೆ ಎಸಳು ಉದುರಿ ಕೆಳಗೆ ಕೊಳೆತು ಬೂದು ಬೂಷ್ಟು ಬಂತು. ಅರಳಿದ ಹೂವಿನೊಳಗೆ ಥ್ರಿಪ್ಸ್ ಎಂಬ ಸಣ್ಣ ಕೀಟಗಳು ಮನೆ ಮಾಡಿಕೊಂಡವು. ಪಕ್ಕದ ನಾಲ್ಕು ಸಾಲಿಗೂ ಹಬ್ಬಿತು. ಆ ತಿಂಗಳ ಔಷಧಿ ಬಿಲ್ ನೋಡಿ ಮಾಲೀಕರು ಏನೂ ಮಾತಾಡಲಿಲ್ಲ. ಬೈದಿದ್ದರೆ ವಾಸಿ ಇತ್ತು.

ಈಗ ನೋಡುವ ತೋಟ ಬೇರೆ, ಮಾರುವ ತೋಟ ಬೇರೆ. ಶೆಡ್ಡಿನ ಪಕ್ಕದ ಐದು ಗುಂಟೆ ಬಯಲಿನಲ್ಲಿ ಜಿನ್ನಿಯಾ, ಆಸ್ಟರ್, ಚೆಂಡುಹೂ, ಶೇವಂತಿಗೆ, ಇಲ್ಲಿ ನಿಶಿಗಂಧ ಅನ್ನುವ ನಮ್ಮ ಸುಗಂಧರಾಜ. ಅದರಿಂದ ಒಂದು ಹೂವೂ ಮಾರ್ಕೆಟ್ಟಿಗೆ ಹೋಗುವುದಿಲ್ಲ. ಬಂದವರು ನೂರು ರೂಪಾಯಿ ಕೊಟ್ಟು ಐದು ದಂಟು ತಾವೇ ಕತ್ತರಿಸಿಕೊಳ್ಳಬಹುದು. ಇದರ ಖರ್ಚನ್ನು ಬೇರೆ ವಹಿಯಲ್ಲಿ ಬರೆಯುತ್ತೇವೆ. ಗುಲಾಬಿ ಲೆಕ್ಕದಲ್ಲಿ ಸೇರಿಸಿದ್ದರೆ ಮೂರೇ ತಿಂಗಳಲ್ಲಿ ಯಾರಾದರೂ ಇದನ್ನು ದಂಡ ಅಂದು ಉಳುಮೆ ಮಾಡಿಸುತ್ತಿದ್ದರು, ಬಹುಶಃ ನಾನೇ.

ಪಾಲಿಹೌಸಿಗೆ ಒಂದು ಸಲಕ್ಕೆ ಎಂಟು ಜನ. ಔಷಧಿ ಹೊಡೆದ ದಿನ, ಮರುದಿನ ಯಾರಿಗೂ ಪ್ರವೇಶವಿಲ್ಲ. ಬಾಗಿಲಲ್ಲಿ ರೋಗ ಒಳಗೆ ಬರದಂತೆ ಪರ್ಮಾಂಗನೇಟ್ ಬೆರೆಸಿದ ನೇರಳೆ ನೀರಿನ ತೊಟ್ಟಿ ಇದೆ, ಚಪ್ಪಲಿ ಅದ್ದಿಯೇ ಒಳಗೆ ಬರಬೇಕು. ಬಣ್ಣ ನೋಡಿ ಕೆಲವರು ಹೆದರುತ್ತಾರೆ. ಮಕ್ಕಳು ಎರಡೆರಡು ಸಲ ಇಳಿಯುತ್ತಾರೆ. ಇನ್ನೊಂದು, ಹಳದಿ ಬಟ್ಟೆ. ಮದುವೆ ಫೋಟೋಗೆ ಬರುವವರು ಹಳದಿ ಶಾಸ್ತ್ರದ ಬಟ್ಟೆಯಲ್ಲೇ ಬರುತ್ತಾರೆ. ಗಿಡದ ರಸ ಹೀರುವ ಬಿಳಿ ನೊಣಕ್ಕೆ ಹಳದಿ ಎಂದರೆ ಪ್ರಾಣ, ನಾವು ಅಂಟಿನ ಹಳದಿ ಹಾಳೆ ತೂಗುಹಾಕುವುದೂ ಅದಕ್ಕೇ. ಒಬ್ಬ ಹುಡುಗಿಯ ದುಪಟ್ಟಾದ ಮೇಲೆ ಎಳ್ಳು ಚೆಲ್ಲಿದ ಹಾಗೆ ಕೂತವು. ಈಗ ಫೋನಿನಲ್ಲೇ ಹೇಳುತ್ತೇನೆ, ಹಳದಿ ಬಿಟ್ಟು ಯಾವುದಾದರೂ ಸರಿ.

ಫೋನಿನಲ್ಲಿ ಹೇಳುವುದು ಅಂದೆನಲ್ಲ, ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ಅದೇ. ಅಮೆರಿಕದ ಆ್ಯನ್ ಆರ್ಬರಿನಲ್ಲಿ ಮಿಶಿಗನ್ ವಿಶ್ವವಿದ್ಯಾಲಯದ ಪಿಯೋನಿ ತೋಟ ಒಂದಿದೆ. 1927ರಿಂದ ಜನ ನೋಡಲು ಬರುತ್ತಿದ್ದಾರೆ. ಭರ್ತಿ ಅರಳಿದಾಗ ಹತ್ತು ಸಾವಿರ ಹೂ. ಮಾರುವ ಹೂವಲ್ಲ, ಹಾಗಾಗಿ ಗಿಡದ ಮೇಲೇ ಇರುತ್ತವೆ. ಅಲ್ಲಿಯೂ ಯಾವ ವಾರ ಅರಳುತ್ತದೆ ಎಂದು ಮೊದಲೇ ಖಚಿತ ಹೇಳಲು ಆಗದು. ಬಿಸಿಲು ಬೇಗ ಬಂದರೆ ಬೇಗ, ಒಂದು ಜೋರು ಮಳೆ ಹೊಡೆದರೆ ತುಂಬು ಎಸಳಿನ ಹೂವೆಲ್ಲ ನೆಲಕ್ಕೆ ತಲೆ ಹಾಕುತ್ತವೆ. ಅದಕ್ಕೆ ಅವರು ಹಂಗಾಮಿನಲ್ಲಿ ಎಷ್ಟು ಅರಳಿದೆ ಎಂದು ಆಗಾಗ ತಿಳಿಸುತ್ತಾ ಇರುತ್ತಾರೆ. ನಾನು ಅದನ್ನೇ ಕದ್ದೆ. ಪ್ರತಿ ಶುಕ್ರವಾರ ಸಂಜೆ ಐದಕ್ಕೆ ತೋಟದಲ್ಲಿ ನಡೆದು, ಬರುತ್ತೇವೆ ಅಂದವರಿಗೆಲ್ಲ ಒಂದು ಮೆಸೇಜ್. ಜಿನ್ನಿಯಾ ಅರಳಿದೆ. ಆಸ್ಟರ್ ಮುಗಿಯುತ್ತಾ ಬಂದಿದೆ. ಶೇವಂತಿಗೆ ಮೊಗ್ಗು, ಇನ್ನೆರಡು ವಾರ. ಗುಲಾಬಿ ಮೊಗ್ಗು ಮಾತ್ರ ಕಾಣುತ್ತದೆ. ಪಿಯೋನಿ ಇಲ್ಲ. ಜೊತೆಗೆ ಅದೇ ಸಂಜೆಯ ಒಂದು ಫೋಟೋ, ಚೆನ್ನಾಗಿ ಬಂದಿರಲಿ ಬಿಡಲಿ. ಮೊದಲ ಶುಕ್ರವಾರವೇ ಹದಿನಾಲ್ಕರಲ್ಲಿ ಆರು ಜನ ಬರುವುದಿಲ್ಲ ಅಂದರು. ಹೊಟ್ಟೆ ಉರಿಯಿತು, ನಿಜ. ಉಳಿದ ಎಂಟು ಜನ ಮೂರು ತಾಸು ಇದ್ದರು. ಗ್ರೇಡಿಂಗ್ ಹಾಲಿನಲ್ಲಿ ಅಕ್ಕಂದಿರ ಪಕ್ಕ ನಿಂತು ದಂಟಿನ ಉದ್ದ ಅಳೆಯುವುದನ್ನು ಕಲಿತರು.

ಪಿಯೋನಿ ನೋಡಲೇಬೇಕು ಎನ್ನುವವರಿಗೆ ನಾನೇ ದಾರಿ ಹೇಳುತ್ತೇನೆ. ಹಾಲೆಂಡು ಬೇಡ, ನಮ್ಮ ಹಿಮಾಲಯದಲ್ಲೇ ಒಂದು ಕಾಡು ಪಿಯೋನಿ ಇದೆ. ಬಿಳಿ, ಒಂದೇ ಸುತ್ತು ಎಸಳು, ನಡುವೆ ಹಳದಿ ಕೇಸರ. ಕಾಶ್ಮೀರದಲ್ಲಿ ಮಾಮೇಖ್ ಅನ್ನುತ್ತಾರೆ. ದುಡ್ಡಿದ್ದವರಿಗೆ ಚೀನಾದ ಲುವೊಯಾಂಗ್, ಅಲ್ಲಿ 1983ರಿಂದ ಪ್ರತಿ ಏಪ್ರಿಲ್ ಸುಮಾರಿಗೆ ಪಿಯೋನಿ ಹಬ್ಬವೇ ನಡೆಯುತ್ತದೆ.

ಐದು ಕುಂಡ ಈಗ ಮತ್ತೆ ಕೋಲ್ಡ್ ರೂಮಿನಲ್ಲಿವೆ. ಈ ಸಲ ಕಣ್ಣಿನ ಮೇಲಿನ ಮಣ್ಣನ್ನು ಬೆರಳಲ್ಲೇ ಸರಿಸಿ ಒಂದು ಇಂಚಿಗೆ ತಂದಿದ್ದೇನೆ. ಜನವರಿ 25ರೊಳಗೆ ಹಲಗೆ ಖಾಲಿ ಮಾಡು ಅಂದಿದ್ದಾರೆ ಮಾಲೀಕರು, ಫೆಬ್ರುವರಿಯ ಗುಲಾಬಿಗೆ ಇಂಚಿಂಚು ಜಾಗವೂ ಬೇಕು. ಡೊಂಬಿವಿಲಿಯ ಅಜ್ಜಿ ಮೊನ್ನೆ ಫೋನ್ ಮಾಡಿದ್ದರು. ಮೊಮ್ಮಗಳ ಮದುವೆ ಆಗಿ ಆರು ತಿಂಗಳಾಯಿತಂತೆ. ಈ ಸಲ ಮೊಗ್ಗು ಬಂದರೆ ತಿಳಿಸುತ್ತೇನೆ ಅಜ್ಜಿ ಅಂದೆ.

"ಮೊಗ್ಗಿ ಬಂದಾಗ ಫೋನ್ ಮಾಡಬ್ಯಾಡೋ ತಮ್ಮಾ," ಅಂದರು. "ಅರಳಿದ ಮ್ಯಾಲೆ ಮಾಡು."